ನಲವತ್ತನೇ ಸ್ಟೇಜು

ಮೊನ್ನೆ ಸಂಜೆ ಮಗಳು ಡ್ರಾಯಿಂಗ್ ಪುಸ್ತಕ ಹರಡಿಕೊಂಡು ಕೂತು, ಹೊಸ ರಬ್ಬರಿನಿಂದ ಗಸಗಸ ಉಜ್ಜುತ್ತಿದ್ದಳು. ಸೆಂಟು ಹಾಕಿದ ರಬ್ಬರು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ನನಗೆ ಆ ವಾಸನೆ ಶಾಲೆಯದ್ದಲ್ಲ, ವಿಡಿಯೋ ಗೇಮಿನದ್ದು. ನಮ್ಮ ಪಕ್ಕದ ಮನೆಯ ಗ್ರಾಫ್ ಮಾವನದ್ದು…

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ. ಬೆಳಗಿನಿಂದ ಎಲ್ಲ ಮನೆಗಳಿಂದಲೂ ಪವರ್‌ಲೂಮಿನ ಸದ್ದು. ಗ್ರಾಫ್ ಮಾವನ ಮನೆಯಲ್ಲಿ ಮಾತ್ರ ಮಗ್ಗವಿರಲಿಲ್ಲ. ಅವರು ಸೀರೆಗೆ ಡಿಸೈನ್ ಬರೆಯುತ್ತಿದ್ದರು. ದೊಡ್ಡ ಗ್ರಾಫ್ ಹಾಳೆಯ ಪುಟ್ಟ ಪುಟ್ಟ ಚೌಕಗಳನ್ನು ಒಂದೊಂದಾಗಿ ತುಂಬಿ ನವಿಲು, ಮಾವಿನಕಾಯಿ, ಬಳ್ಳಿ ಮೂಡಿಸುವುದು. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ, ಅದೇ ನವಿಲು ಸೆರಗಿನ ಮೇಲೆ ಬಂದು ಕೂರುತ್ತಿತ್ತು. ಹಾಗಾಗಿ ಬೀದಿಗೆಲ್ಲ ಅವರು ಗ್ರಾಫ್ ಮಾವ. ನಲವತ್ತೈದು ದಾಟಿದ ಮನುಷ್ಯ, ದಪ್ಪ ಕನ್ನಡಕ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ಲು.

ಡಿಸೈನ್ ಕೊಡಲು ಬೆಂಗಳೂರಿಗೆ ಹೋದಾಗ, ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಮಾವ ಆ ಮೆಷಿನ್ ತಂದಿದ್ದರು. ಎಂಟು ಬಿಟ್ಟಿನ ವಿಡಿಯೋ ಗೇಮು, ಎರಡು ರಿಮೋಟು, ಒಂದು ರಿಮೋಟಿನ ವೈರಿಗೆ ಸುತ್ತಿದ್ದ ಕಪ್ಪು ಟೇಪು. ಮಕ್ಕಳಿಲ್ಲದ ಮನೆಗೆ ಇದ್ಯಾಕೆ ಎಂದು ಬೀದಿಯವರು ನಕ್ಕರು. ಮಾವನ ಹೆಂಡತಿ, ನಮ್ಮೆಲ್ಲರ ಅತ್ತೆ ಮಾತ್ರ, "ಇಸ್ಪೀಟಿಗೆ ಹೋಗೋದಕ್ಕಿಂತ ಇದೇ ವಾಸಿ, ಕಣ್ಣೆದುರಿಗೆ ಇರ್ತಾರೆ," ಎಂದು ಟಿವಿ ಮುಂದೆ ಒಂದು ಚಾಪೆ ಹಾಸಿಕೊಟ್ಟರು.

ಆಟದ ಕ್ಯಾಸೆಟ್ಟು ಕೆಲಸ ಮಾಡದಿದ್ದರೆ ಆಗ ಎಲ್ಲರೂ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದೆವು. ಮಾವ ಊದಲು ಬಿಡುತ್ತಿರಲಿಲ್ಲ. "ಎಂಜಲು ತಗುಲುತ್ತೆ, ತಾಮ್ರ ಹಸಿರಾಗುತ್ತೆ," ಎಂದು ಕಸಿದುಕೊಂಡು, ಸೆಂಟ್ ರಬ್ಬರಿನಿಂದ ಒಳಗಿನ ತಾಮ್ರದ ಹಲ್ಲುಗಳನ್ನು ನಿಧಾನವಾಗಿ ಉಜ್ಜುತ್ತಿದ್ದರು. ಆಮೇಲೆ ಹಾಕಿದರೆ, ತಪ್ಪದೆ ಚಿತ್ರ ಬರುತ್ತಿತ್ತು.

ಆ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಮನೆಯಲ್ಲಿದ್ದೆ. ಬೆಳಿಗ್ಗೆ ನೂಲು ಸುತ್ತುವ ಕೆಲಸ, ಮಧ್ಯಾಹ್ನ ಏನೂ ಇಲ್ಲ. ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದರು. ಒಂದು ದಿನ ಅತ್ತೆಗೆ ಕರಿಬೇವು ಕೊಡಲು ಹೋದವಳನ್ನು ಮಾವ, "ಬಾರಮ್ಮ, ಎರಡನೇ ರಿಮೋಟು ಧೂಳು ಹಿಡೀತಾ ಇದೆ," ಎಂದು ಕೂರಿಸಿಕೊಂಡರು. ಆವತ್ತಿನಿಂದ ನನ್ನ ಮಧ್ಯಾಹ್ನಗಳೆಲ್ಲ ಆ ಚಾಪೆಯ ಮೇಲೆ ಕಳೆದವು.

ಮಾವ ಹೊಸ ಕ್ಯಾಸೆಟ್ಟು ಕೊಂಡವರೇ ಅಲ್ಲ. ಹಳೆಯದೇ ಬೇಕು. ಅದರಲ್ಲೂ ಕೊಡುವವರನ್ನು ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: "ಯಾಕೆ ಕೊಡ್ತಾ ಇದ್ದೀಯ?" ಆಡಿ ಮುಗಿಯಿತು ಎಂದರೆ ಅವರಿಗೆ ಬೇಡ. ಬೇಜಾರಾಯಿತು ಎಂದರೂ ಬೇಡ. ಯಾರಾದರೂ ಮುಖ ಸಿಂಡರಿಸಿ, "ದಾಟಕ್ಕೇ ಆಗ್ತಿಲ್ಲ ಅಂಕಲ್," ಎಂದರೆ ಮಾತ್ರ ಮಾವನ ಕೈ ಜೇಬಿಗೆ ಹೋಗುತ್ತಿತ್ತು. "ಹೊಸಾದಕ್ಕೆ ಡಬ್ಬಿ ಮೇಲೆ ಚಿತ್ರ ಇರುತ್ತೆ, ಅಷ್ಟೇ ಕಣಮ್ಮ. ಹಳೇದಕ್ಕೆ ಸಾಕ್ಷಿ ಇರುತ್ತೆ," ಎನ್ನುತ್ತಿದ್ದರು.

ಬೀದಿ ಕೊನೆಯಲ್ಲಿ ಒಂದು ವಿಡಿಯೋ ಲೈಬ್ರರಿಯಿತ್ತು. ಸಿನಿಮಾ ಕ್ಯಾಸೆಟ್ಟು ಬಾಡಿಗೆಗೆ, ಗೇಮ್ ಕ್ಯಾಸೆಟ್ಟು ಅದಲು ಬದಲಿಗೆ. ಅಂಗಡಿಯವನನ್ನು ನಾವು ಲೈಬ್ರರಿ ಅಣ್ಣ ಎನ್ನುತ್ತಿದ್ದೆವು. ಅವನು ಅಂಗಡಿಯ ಮೂಲೆಯಲ್ಲಿ ಹದಿನಾರು ಬಿಟ್ಟಿನ, ಇನ್ನೂ ಹೆಚ್ಚು ಶಕ್ತಿಯ ಕಪ್ಪು ಮೆಷಿನ್ ತಂದಿಟ್ಟ ದಿನ ನಾನು ಬೆರಗಾಗಿ ನಿಂತುಬಿಟ್ಟೆ. ಏನು ಬಣ್ಣ, ಏನು ಹಾಡು! ಹಿಂದೆ ಮೋಡಗಳು ಬೇರೆ ಬೇರೆ ವೇಗದಲ್ಲಿ ಹೋಗುತ್ತಿದ್ದವು. ಓಡಿ ಬಂದು ಮಾವನನ್ನು ಎಳೆದುಕೊಂಡು ಹೋದೆ.

ಮಾವ ಕನ್ನಡಕ ಮೇಲಕ್ಕೇರಿಸಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಎಂದರು. "ಆದ್ರೆ ಇದರ ಚಿತ್ರ ಬರೆದವನಿಗೆ ಬಣ್ಣ ಬೇಕಾದಷ್ಟು ಕೊಟ್ಟಿದಾರೆ, ಚೌಕ ಬೇಕಾದಷ್ಟು ಕೊಟ್ಟಿದಾರೆ. ನಮ್ಮ ಮೆಷಿನ್‌ನೋನಿಗೆ ಮೀಸೆ ಬರೆಯೋಕೆ ಎರಡೇ ಚೌಕ ಇತ್ತು. ಎರಡರಲ್ಲಿ ಮೀಸೆ ಬರೆದವನು ಹೆಚ್ಚೋ, ಇಪ್ಪತ್ತರಲ್ಲಿ ಬರೆದವನು ಹೆಚ್ಚೋ?"

ಲೈಬ್ರರಿ ಅಣ್ಣನಿಗೆ ರೇಗಿತು. "ಏನ್ ಗುರುಗಳೇ, ಕಾರು ಬಂದ್ಮೇಲೆ ಎತ್ತಿನ ಗಾಡೀಲಿ ಹೋಗ್ತೀನಿ ಅಂತೀರಲ್ಲ!"

"ಹಾಗಲ್ಲಪ್ಪ. ನಿನ್ನ ಆಟದೋರು ಓಡು ಓಡು ಅಂತಾರೆ. ನಮ್ಮೋರು ಯೋಚನೆ ಮಾಡು ಅಂತಾರೆ. ನನಗೆ ಓಡೋ ವಯಸ್ಸಾ?"

ನಾನು ಲೈಬ್ರರಿ ಅಣ್ಣನ ಪಕ್ಷ. ಮನೆಗೆ ಬಂದಮೇಲೂ ಮಾವನ ಜೊತೆ ವಾದ ಮಾಡುತ್ತಿದ್ದೆ. ಅವರಿಗೆ ಬೇಸರವೇ ಆಗುತ್ತಿರಲಿಲ್ಲ. ಲೆಕ್ಕದಲ್ಲಿ ಫೇಲಾದ ಹುಡುಗಿಯ ಅಭಿಪ್ರಾಯವನ್ನು ಕೂತು ಕೇಳುವವರು ಆ ವರ್ಷ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ…

ಮಾವನ ಬಳಿ ಹತ್ತು ಹನ್ನೆರಡು ಕ್ಯಾಸೆಟ್ಟುಗಳಿದ್ದರೂ ಜೀವ ಮಾತ್ರ ಒಂದರ ಮೇಲೆ. ಮೇಲಿನ ಚಿತ್ರವೆಲ್ಲ ಕಿತ್ತುಹೋದ, ಹಳದಿ ಬಣ್ಣದ್ದು. ಹಣೆಗೆ ದೀಪ ಕಟ್ಟಿಕೊಂಡ ಒಬ್ಬ ಗಿಡ್ಡ ಮನುಷ್ಯ ಸುರಂಗ ಅಗೆಯುತ್ತಾ, ಮೇಲಿಂದ ಬೀಳುವ ಬಂಡೆ ತಪ್ಪಿಸಿಕೊಂಡು, ಬೀಗದ ಕೈಗಳನ್ನು ಹೆಕ್ಕಿ ಬಾಗಿಲು ತಲುಪಬೇಕು. ಒಂದೊಂದು ಬಾಗಿಲಿಗೆ ಒಂದೊಂದು ಸ್ಟೇಜು. ಮಧ್ಯದಲ್ಲಿ ನಿಲ್ಲಿಸಿ ನಾಳೆ ಅಲ್ಲಿಂದಲೇ ಆಡುವ ಅನುಕೂಲವಿರಲಿಲ್ಲ. ಪ್ರತಿಸಲ ಒಂದರಿಂದಲೇ ಶುರು. ನಮ್ಮೂರಿನ ಕರೆಂಟು ಬಲ್ಲವರಿಗೆ ಮುಂದಿನದು ಹೇಳಬೇಕಿಲ್ಲ. ಮಾವ ಮೂವತ್ತು ದಾಟುವಷ್ಟರಲ್ಲಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಗಪ್‌ಚಿಪ್ ಆಗುತ್ತಿದ್ದವು. ಟಿವಿ ಕಪ್ಪಗಾಗುತ್ತಿತ್ತು. ಎರಡು ವರ್ಷದಲ್ಲಿ ನಲವತ್ತನೇ ಸ್ಟೇಜನ್ನು ಅವರು ತಲುಪಿದ್ದು ಐದು ಸಲ. ಐದು ಸಲವೂ ಬಂಡೆ ಬಿದ್ದು ಸತ್ತರು. ನೋಡಿದಷ್ಟನ್ನು ನೆನಪಿಟ್ಟುಕೊಂಡು ಆ ಸ್ಟೇಜಿನ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ಒಂದು ದಿನ ಮಾವ ಗಾಡಿ ರೇಸಿನ ಕ್ಯಾಸೆಟ್ಟೊಂದನ್ನು ನನ್ನ ಕೈಗೆ ಕೊಟ್ಟು, ಬದಲಾಯಿಸಿಕೊಂಡು ಬಾ ಎಂದು ಕಳಿಸಿದರು. ಲೈಬ್ರರಿಯಲ್ಲಿ ಆವತ್ತೇ ಬಂದ ಒಂದು ಕ್ಯಾಸೆಟ್ಟಿತ್ತು. ಒಂದರಲ್ಲೇ ತೊಂಬತ್ತೊಂಬತ್ತು ಆಟ! "ಇದಕ್ಕೆ ರೇಸಿಂದು ಆಗಲ್ಲ. ಆ ಹಳದೀದು ತಂದ್ಕೊಡು, ಒಬ್ರು ಅಂಥದ್ದೇ ಕೇಳ್ತಾ ಇದಾರೆ," ಎಂದ ಲೈಬ್ರರಿ ಅಣ್ಣ. ಮಾವ ಸಂಜೆ ಮಗ್ಗದ ಯಜಮಾನರ ಮನೆಗೆ ಹೋಗಿದ್ದಾಗ ನಾನೇ ಹಳದಿ ಕ್ಯಾಸೆಟ್ಟು ತೆಗೆದುಕೊಂಡು ಹೋಗಿ ಕೊಟ್ಟೆ. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಧೈರ್ಯ ನನಗೆ. ಸ್ವಲ್ಪ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು.

ಮರುದಿನ ಮಾವನ ಮುಂದೆ ತೊಂಬತ್ತೊಂಬತ್ತು ಆಟಗಳನ್ನು ಹಾಕಿದೆ. ಮೊದಲ ನಾಲ್ಕು ಆಟ ಚೆನ್ನಾಗಿದ್ದವು. ಐದನೆಯದು ಮೊದಲನೆಯದೇ, ಹೆಸರು ಬೇರೆ. ಆರನೆಯದು ಎರಡನೆಯದೇ. ಇಪ್ಪತ್ತರವರೆಗೆ ನೋಡಿದೆವು… ಅದರಲ್ಲಿದ್ದದ್ದು ಒಟ್ಟು ನಾಲ್ಕೇ ಆಟ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಹೋಗ್ಲಿ ಬಿಡು, ರೇಸಿಂದು ಹೋಯ್ತು ತಾನೇ," ಎಂದರು.

ನಾನು ತಲೆ ತಗ್ಗಿಸಿ ನಿಜ ಹೇಳಿದೆ.

ಅವರು ಬೈದಿದ್ದರೆ ವಾಸಿಯಿತ್ತು. ಗೋಡೆಯ ಮೇಲಿನ ಹಾಳೆ ನೋಡಿದರು. "ಕೇಳಿದ್ರೆ ಕೊಡ್ತಿದ್ನೋ ಏನೋ ಕಣಮ್ಮ. ಕೇಳ್ಬೇಕಿತ್ತು," ಎಂದರು. ಪೆನ್ಸಿಲ್ ತೆಗೆದುಕೊಂಡು ಕೆಲಸಕ್ಕೆ ಕೂತರು. ನಾನು ಅಳುತ್ತಾ ಲೈಬ್ರರಿಗೆ ಓಡಿದೆ. ಕ್ಯಾಸೆಟ್ಟು ಆಗಲೇ ಹೋಗಿತ್ತು. ರಾಜಘಟ್ಟ ಹಳ್ಳಿಯ ಒಬ್ಬ ರೈತರು ಒಯ್ದಿದ್ದರು. ಲೈಬ್ರರಿ ಅಣ್ಣ ಪೆಚ್ಚಾಗಿ ಮನೆಯ ಗುರುತು ಹೇಳಿದ.

ಒಂದು ವಾರ ನಾನು ಮಾವನ ಮನೆಯತ್ತ ಸುಳಿಯಲಿಲ್ಲ. ಎಂಟನೇ ದಿನ ಅತ್ತೆಯೇ ಬಂದು ಅಮ್ಮನಿಗೆ ಹೇಳಿ ನನ್ನನ್ನು ಹೊರಡಿಸಿದರು. "ಅವರು ಊಟ ಸರಿಯಾಗಿ ಮಾಡ್ತಿಲ್ಲ, ನೀನೂ ಮಾಡ್ತಿಲ್ವಂತೆ. ಇಬ್ರೂ ಹೋಗಿ ಕೇಳಿ ಬಂದ್ಬಿಡಿ." ರೇಸಿನ ಕ್ಯಾಸೆಟ್ಟು, ಜೊತೆಗೆ ಇನ್ನೆರಡು ಚೀಲದಲ್ಲಿ ಹಾಕಿಕೊಂಡು ಮಾವ ಬಸ್ ಹತ್ತಿದರು. ದಾರಿಯುದ್ದಕ್ಕೂ ರಾಗಿ ತೆನೆ ಕಟ್ಟಿತ್ತು.

ಆ ಮನೆಯ ನಡುಮನೆಯಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಮಂಚದ ಮೇಲೆ ಒರಗಿದ್ದರು. ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮೂಳೆ ಮುರಿದಿತ್ತಂತೆ. ಮಲಗಿ ಮಲಗಿ ದಿನಾ ಅಳುತ್ತಿದ್ದ ಹೆಂಡತಿಗಾಗಿ ಗಂಡ ಎಲ್ಲಿಂದಲೋ ಒಂದು ಹಳೇ ಗೇಮ್ ಮೆಷಿನ್ ತಂದುಕೊಟ್ಟಿದ್ದರು. ಎದುರಿಗೆ ಚಿಕ್ಕ ಕಪ್ಪು ಬಿಳುಪು ಟಿವಿ, ಅದರಲ್ಲಿ ನಮ್ಮ ಗಿಡ್ಡ ಮನುಷ್ಯ ಅಗೆಯುತ್ತಿದ್ದ!

"ಬನ್ನಿ ಅಣ್ಣಾ, ಕೂತ್ಕೊಳ್ಳಿ. ಎದ್ದೇಳೋಕಾಗಲ್ಲ, ತಪ್ಪು ತಿಳ್ಕೋಬೇಡಿ," ಎಂದರು ಆಕೆ, ಕಣ್ಣು ಟಿವಿಯಿಂದ ಕದಲಿಸದೆ.

ಮಾವ ಬಂದ ವಿಷಯ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. "ಇದು… ಎಷ್ಟನೇದಮ್ಮ?"

"ಮೂವತ್ತೆಂಟು. ಮಲಗಿದ ಕಡೆ ಹಗಲೂ ರಾತ್ರಿ ಇದೇ ಕೆಲಸ."

"ಕರೆಂಟ್ ಹೋಗಲ್ವಾ ಇಲ್ಲಿ?"

"ಅಯ್ಯೋ, ಬೆಳಿಗ್ಗೆಯಿಂದ ಇಲ್ಲ ಅಣ್ಣಾ. ಇದು ಟ್ರಾಕ್ಟರ್ ಬ್ಯಾಟರಿ."

ಮಂಚದ ಕೆಳಗೆ ದೊಡ್ಡ ಬ್ಯಾಟರಿಯಿತ್ತು. ಅದರಿಂದ ಎರಡು ವೈರು ಟಿವಿಗೆ, ಎರಡು ಮೆಷಿನ್ನಿಗೆ. ಮಾವ ಬಗ್ಗಿ ನೋಡಿದರು. "ಎರಡು ವರ್ಷ… ನನ್ನ ತಲೆಗೆ ಹೊಳೀಲೇ ಇಲ್ವಲ್ಲಮ್ಮ!" ಎಂದು ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ನಲವತ್ತನೇ ಸ್ಟೇಜು ಬಂತು. ಆಕೆ ರಿಮೋಟನ್ನು ಮಾವನ ಕೈಗೆ ಕೊಟ್ಟರು. "ನೀವಾಡಿ. ನಿಮ್ಮ ಮುಖ ನೋಡಿದ್ರೆ ನೀವೇ ಆಡ್ಬೇಕು ಅನ್ಸುತ್ತೆ."

ಮಾವ ನೆಲದ ಮೇಲೆ ಕೂತರು. ಮೊದಲ ಸಲ ಬಂಡೆ ಬಿತ್ತು. ಎರಡನೇ ಸಲವೂ ಬಿತ್ತು. ಗಿಡ್ಡನಿಗೆ ಉಳಿದದ್ದು ಇನ್ನೊಂದೇ ಜೀವ.

"ಬೀಗದ ಕೈ ಕಂಡ ತಕ್ಷಣ ಹೋಗ್ಬೇಡಿ ಅಣ್ಣಾ. ಸುಮ್ನೆ ನಿಂತ್ಕೊಳ್ಳಿ. ಮೂರು ಬಂಡೇನೂ ತಾವೇ ಬಿದ್ದು ದಾರಿ ಆಗುತ್ತೆ. ನಾನೂ ಮೊದಲು ಎಲ್ಲಾದಕ್ಕೂ ಓಡ್ತಿದ್ದೆ. ಈ ಕಾಲು ಮುರಿದ್ಮೇಲೆ ನಿಲ್ಲೋದು ಕಲಿತೆ."

ಯೋಚನೆ ಮಾಡುವ ಆಟವೇ ಹೆಚ್ಚು ಎಂದು ಊರಿಗೆಲ್ಲ ಹೇಳುತ್ತಿದ್ದ ಮಾವ, ಗಿಡ್ಡನನ್ನು ಸುಮ್ಮನೆ ನಿಲ್ಲಿಸಿದರು. ಒಂದು ಬಂಡೆ ಬಿತ್ತು. ಎರಡು. ಮೂರು. ಅದರ ಮೇಲೆ ಹತ್ತಿ ಹೋಗಿ ಬೀಗದ ಕೈ ತೆಗೆದುಕೊಂಡು, ಬಾಗಿಲು ದಾಟಿಬಿಟ್ಟರು!

ಪರದೆ ಒಮ್ಮೆ ಮಿನುಗಿತು. ಮುಂದೆ ಬಂದದ್ದು ಒಂದನೇ ಸ್ಟೇಜು. ಅದೇ ಸುರಂಗ, ಅದೇ ಬಂಡೆ, ಸ್ವಲ್ಪ ಜೋರು ಓಟ.

"ಅಷ್ಟೇನಾ?" ಎಂದೆ ನಾನು, ಅಳು ಬರುವಂತೆ.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಅವರು ನಗುತ್ತಿದ್ದರು. "ಇದು ಮುಗಿಯೋ ಆಟ ಅಲ್ಲ ಕಣಮ್ಮ. ನಾನು ಸುಮ್ನೆ ಹೆದರಿದ್ದೆ, ನಲವತ್ತು ದಾಟಿದ್ರೆ ಮುಗಿದೇ ಹೋಗುತ್ತೆ ಅಂತ."

ಆಕೆ ಕಾಫಿ ತರಿಸಿದರು. ಬಂದ ಕಾರಣ ಕೇಳಿದಾಗ ಮಾವ ಚೀಲದಿಂದ ರೇಸಿನ ಕ್ಯಾಸೆಟ್ಟು ತೆಗೆದು, "ಆ ಕ್ಯಾಸೆಟ್ಟು ನಮ್ಮ ಮನೇಲಿತ್ತು. ಜೊತೆಗೆ ಇದೂ ಇರ್ಲಿ ಅಂತ ಕೊಡೋಕೆ ಬಂದ್ವಿ," ಎಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

ವಾಪಸು ಬಸ್ಸಿಗೆ ಕಾಯುವಾಗ ಕೇಳಿದೆ, "ಯಾಕ್ ಮಾವ ಕೇಳ್ಲಿಲ್ಲ?"

"ನನ್ನ ಹತ್ರ ಇದ್ದಾಗ ಅದು ಕರೆಂಟಿಗೆ ಕಾಯ್ತಾ ಕೂತಿತ್ತು. ಅಲ್ಲಿ ಆ ಹೆಣ್ಣುಮಗಳು ಅಳೋದು ನಿಲ್ಸಿದಾಳೆ." ಬಸ್ಸು ಬರುವ ದಿಕ್ಕಿಗೆ ನೋಡುತ್ತಾ, "ನೀನು ಆವತ್ತು ನೀನಾಗೇ ನಿಜ ಹೇಳಿದೆ ನೋಡು. ಗ್ರಾಫಲ್ಲಿ ಒಂದು ಚೌಕ ತಪ್ಪಿದ್ರೆ ಮುಚ್ಚಿಡೋ ಹಾಗಿಲ್ಲ, ಸೀರೆ ಪೂರ್ತಿ ಕೆಡುತ್ತೆ. ನಾಳೆಯಿಂದ ಕೆಲಸಕ್ಕೆ ಬಾ," ಎಂದರು.

ಲೆಕ್ಕ ಬರದವಳು ನಾನು ಎಂದೆ. ಚೌಕ ಎಣಿಸೋಕೆ ಬಂದ್ರೆ ಸಾಕು, ಉಳಿದದ್ದು ತಾನಾಗಿ ಬರುತ್ತೆ ಎಂದರು. ಬಂತು. ಅಂಚು ಬರೆಯಲು ಒಂದು ವರ್ಷ ಹಿಡಿಯಿತು, ಸೆರಗಿಗೆ ಮೂರು. ಅದರ ಮಧ್ಯೆ ಲೆಕ್ಕದ ಪರೀಕ್ಷೆಯನ್ನೂ ಕಟ್ಟಿ ಪಾಸು ಮಾಡಿದೆ. ನನ್ನ ಮೊದಲ ಸೆರಗು ಮಗ್ಗದಿಂದ ಇಳಿದ ದಿನ ಅಪ್ಪ ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. ಅಮ್ಮನಿಗೆ ಹೇಳುವಂತೆ, "ಪರವಾಗಿಲ್ಲ, ಚೆನ್ನಾಗಿ ಬರ್ದವಳೆ," ಎಂದರು. ನಮ್ಮಿಬ್ಬರ ಮಾತು ಮತ್ತೆ ಶುರುವಾದದ್ದು ಹಾಗೆ.

ಊರಿಗೆ ಕಂಪ್ಯೂಟರ್ ಡಿಸೈನ್ ಬಂದಾಗ ಬೀದಿಯವರೆಲ್ಲ ಮಾವನ ಕೆಲಸ ಹೋಯಿತೆಂದರು. ಅವರು ಮಾತ್ರ ನನ್ನನ್ನು ಕ್ಲಾಸಿಗೆ ಸೇರಿಸಿ, ವಾರಕ್ಕೊಮ್ಮೆ ತಾವೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಮೇಷ್ಟ್ರನ್ನು ಪ್ರಶ್ನೆ ಕೇಳಿ ಸುಸ್ತು ಮಾಡುತ್ತಿದ್ದರು. ಆಮೇಲೆ ಅವರ ಕಣ್ಣು ಸೋತಿತು. ಆಮೇಲೆ ಒಂದು ಆಷಾಢದಲ್ಲಿ ಎದೆನೋವು… ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಈಗ ಅವರ ಮನೆಯಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ. ಅತ್ತೆ ತಂಗಿಯ ಮನೆಯಲ್ಲಿದ್ದಾರೆ, ಹಬ್ಬಕ್ಕೆ ನಾನೇ ಹೋಗಿ ಕರೆತರುತ್ತೇನೆ. ನನ್ನ ಡಿಸೈನುಗಳನ್ನು ನೇಯುವ ಮಗ್ಗಗಳು ಈ ಬೀದಿಯಲ್ಲಿ ಇನ್ನೂ ಕೆಲವು ಉಳಿದಿವೆ. ಒಂದೊಂದು ಸೆರಗು ಮುಗಿದಾಗಲೂ ಕುರ್ಚಿ ತಿರುಗಿಸಿ ಯಾರಿಗಾದರೂ ತೋರಿಸಬೇಕೆನಿಸುತ್ತದೆ. ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಕೂತು ವಾದ ಮಾಡುತ್ತಿದ್ದವರೊಬ್ಬರು, ಅವರಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆರೆಯುತ್ತೇನೆ. ಮೊದಲ ಚೌಕ ತುಂಬುತ್ತೇನೆ.