ಕಾಫಿ ಕಣದಲ್ಲಿ ಕ್ವಾಂಟಮ್ ಸಾಲು ಬದಲಿ

ಕಳಸದ ಹತ್ತಿರದ ಈ ಕಾಫಿ ಕಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಣಗಲು ಹರಡಿದ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜದ ಮೇಲಿನ ಟಾರ್ಪಾಲನ್ನು ಗಂಡ ಹೆಂಡತಿ ಎರಡೂ ಕಡೆ ಹಿಡಿದು ಮಡಿಸುತ್ತಾರೆ. ಇಬ್ಬನಿ ನೀರು ಕಾಲ ಮೇಲೆಲ್ಲ ಸುರಿಯುತ್ತದೆ. ಅದಾದ ಕೂಡಲೇ ತ್ರಿಪುರಸುಂದರಿಯವರು ಸೆರಗಿಗೆ ಕೈ ಒರೆಸಿಕೊಂಡು, ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕಣದ ಈ ಮೂಲೆಯಲ್ಲಿ ಸಿಗುತ್ತದೆ.

"ಎಲ್ಲಾ ಸಿಕ್ಕಿದೆ, ಒಂದು ಮಾತ್ರ ಬಾಕಿ. ಇನ್ನೂ ಹುಡುಕ್ತಾ ಇದೆ ನೋಡಿ," ಎನ್ನುತ್ತಾರೆ.

ನಾಳೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕ್ವಾಂಟಮ್ ಕಂಪ್ಯೂಟರಿನ ಮೇಲೆ ಪರೀಕ್ಷೆ. ಇವರ ಪ್ರೋಗ್ರಾಂ ಹುಡುಕಿದ ಹಾದಿಗಳು ಇವತ್ತು ಮಧ್ಯಾಹ್ನದೊಳಗೆ ತಲುಪಿದರೆ ಯಂತ್ರಕ್ಕೆ ಅವೇ ಹೋಗುತ್ತವೆ. ತಲುಪದಿದ್ದರೆ ಹಳೆಯ, ಉದ್ದನೆಯ ಹಾದಿಗಳೇ ಗತಿ. ಇಷ್ಟು ವರ್ಷ ಬರೀ ಲೆಕ್ಕವಾಗಿಯೇ ಉಳಿದಿದ್ದ ಕೆಲಸ ನಿಜವಾದ ಯಂತ್ರವೊಂದನ್ನು ಮುಟ್ಟುವ ಮೊದಲ ಅವಕಾಶ ಇದು.

ಹಾದಿ ಎಂದರೇನು? ನನ್ನಂಥವನಿಗೂ ತಿಳಿಯುವ ಹಾಗೆ ಹೇಳುತ್ತಾರೆ. "ಕ್ವಾಂಟಮ್ ಬಿಟ್ ಬಹಳ ಸೂಕ್ಷ್ಮ. ಚೂರು ಬಿಸಿ ತಾಗಿದ್ರೂ, ಲೆಕ್ಕದ ಮಧ್ಯೆ ಏನಾಯ್ತು ಅಂತ ನೋಡಿದ್ರೂ ತಪ್ಪಾಗಿಬಿಡುತ್ತೆ. ಅದಕ್ಕೇ ಒಂದು ಮಾಹಿತೀನ ಒಂದೇ ಬಿಟ್‌ನಲ್ಲಿ ಇಡಲ್ಲ, ಗುಂಪಿಗೇ ಹಂಚಿ ಇಡ್ತಾರೆ. ಒಂದು ತಪ್ಪಿದ್ರೆ ಉಳಿದವನ್ನ ಇಟ್ಕೊಂಡು ಸರಿ ಮಾಡ್ಬಹುದು. ಆದ್ರೆ ಆಮೇಲೆ ಲೆಕ್ಕ ಮಾಡ್ಬೇಕಲ್ಲ? ಹಂಚಿದ್ದು ಚದುರದ ಹಾಗೆ ಇಡೀ ಗುಂಪಿನಿಂದ ಕೆಲಸ ತೆಗೀಬೇಕು. ಒಂದೇ ಕೆಲಸಕ್ಕೆ ಸಾವಿರ ಹಾದಿ ಇರುತ್ತೆ. ಹೆಜ್ಜೆ ಹೆಚ್ಚಿದಷ್ಟೂ ತಪ್ಪು ಹೆಚ್ಚು. ಚಿಕ್ಕ ಹಾದೀನ ಬೇಗ ಹುಡುಕಿಕೊಡೋದು ನನ್ನ ಕೆಲಸ."

ಮೂಡಿಗೆರೆಯ ಕಾಲೇಜೊಂದರಲ್ಲಿ ಇವರು ಗಣಿತದ ಅತಿಥಿ ಉಪನ್ಯಾಸಕಿ. ಪಾಠವಿರುವ ದಿನ ಕೊಟ್ಟಿಗೆಹಾರದ ತಿರುವುಗಳಲ್ಲಿ ಬಸ್ಸಿನ ಕಂಬಿ ಹಿಡಿದೇ ಪ್ರಯಾಣ. ಈ ವಿದ್ಯೆಯನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಇಂಟರ್ನೆಟ್ಟಿನ ಉಪನ್ಯಾಸ ಕೇಳಿ, ಗೊತ್ತಿಲ್ಲದವರಿಗೆ ಮೇಲ್ ಬರೆದು ಕಲಿತದ್ದು. "ಯಾವ ಸಂಸ್ಥೆ ಅಂತ ಕೇಳ್ತಾರೆ. ಕಳಸದ ಮನೆ ಅಂದ್ರೆ ಆಮೇಲೆ ಉತ್ತರವೇ ಇಲ್ಲ," ಎಂದು ನಗುತ್ತಾರೆ. ಕಾಫಿ ಲೋಟ ತಂದ ಪತಿ ಕಾಶೀನಾಥರು ಸುಮ್ಮನಿರುವವರಲ್ಲ. "ಎಲ್ಲೋ ಇರೋ ಕಂಪ್ಯೂಟರಿನ ತಪ್ಪೆಲ್ಲ ಇವಳು ತಿದ್ತಾಳೆ ಮಾರಾಯ್ರೆ. ನಮ್ಮನೆ ಮಿಕ್ಸಿ ಕೆಟ್ಟು ತಿಂಗಳಾಯ್ತು!"

ಅಷ್ಟರಲ್ಲಿ ತೋಟದ ಕೆಲಸದವರು ಬರುತ್ತಾರೆ. ಎಲ್ಲರಿಗಿಂತ ಮುಂದೆ ತುಂಗಮ್ಮ, ಇಲ್ಲಿ ಹಣ್ಣು ಕೊಯ್ಯುವವರಲ್ಲಿ ಹಿರಿಯರು.

"ಏನಮ್ಮಾ, ನಾವು ತೋಟವೇ ಮುಗಿಸ್ತಾ ಬಂದ್ವಿ, ನಿಮ್ಮ ಒಂದು ಲೆಕ್ಕ ಮುಗೀಲಿಲ್ವಲ್ಲ!"

"ನಿಮ್ಮಿಂದಲೇ ತುಂಗಮ್ಮ, ನನ್ನ ಲೆಕ್ಕ ಕೆಟ್ಟಿದ್ದು!"

ಇಬ್ಬರೂ ನಗುತ್ತಾರೆ. ವಿಷಯ ಇಷ್ಟು: ಕೊಯ್ಯುವವರಲ್ಲಿ ಬೆಳಿಗ್ಗೆ ಇಳಿಜಾರಿನ ಗಿಡದ ಸಾಲು ಸಿಕ್ಕವರಿಗೆ ಕಾಫಿ ಕುಡಿದ ಮೇಲೆ ಸಮತಟ್ಟಿನ ಸಾಲು. ಇದಕ್ಕೆ ಸಾಲು ಬದಲಿ ಎನ್ನುತ್ತಾರೆ. ಮೇಸ್ತ್ರಿಗೆ ದೂರದಿಂದ ಕಾಣುವುದು ಅದೇ ಗುಂಪು, ಆದರೆ ಒಳಗೆ ಜಾಗ ಬದಲಾಗಿರುತ್ತದೆ. ಬಿಟ್‌ಗಳೂ ಹೀಗೆ ಜಾಗ ಬದಲಿಸಿಕೊಂಡರೆ ಆ ಬದಲಿಯೇ ಲೆಕ್ಕದ ಹೆಜ್ಜೆಯಾಗಿ, ಗುಂಪು ಕೆಡದೆ ಎಷ್ಟೋ ಕೆಲಸ ಪುಕ್ಕಟೆ ಆಗಿಬಿಡುತ್ತದೆ ಎಂದು ಇವರಿಗೆ ಹೊಳೆಯಿತು. ಪ್ರೋಗ್ರಾಮಿಗೂ 'ಸಾಲು ಬದಲಿ' ಎಂದೇ ಹೆಸರಿಟ್ಟರು.

ಎಡವಟ್ಟಾದದ್ದೂ ಅಲ್ಲೇ. ಬಿಟ್‌ಗಳು ಓಡಾಡಬಲ್ಲ ಯಂತ್ರಗಳೂ ಇವೆ; ಬೆಂಗಳೂರಿನದು ಆ ಜಾತಿಯದಲ್ಲ. ಅದರಲ್ಲಿ ಬಿಟ್ ಕೂತಲ್ಲೇ ಕೂತಿರುತ್ತದೆ, ಜಾಗ ಬದಲಿಸಲು ಅಕ್ಕಪಕ್ಕದವುಗಳ ನಡುವೆ ಹೆಜ್ಜೆ ಮೇಲೆ ಹೆಜ್ಜೆ ಬೇಕು. "ನಾನು ಕೊಯ್ಯೋರನ್ನ ನೆನೆಸ್ಕೊಂಡು ಲೆಕ್ಕ ಮಾಡಿದ್ದೆ. ಬೆಂಗಳೂರಿನವರ ಹತ್ರ ಇದ್ದದ್ದು ಗಿಡ! ಗಿಡ ಎದ್ದು ಪಕ್ಕದ ಸಾಲಿಗೆ ಹೋಗುತ್ತಾ?"

ಕಳೆದ ವಾರವಷ್ಟೇ ತಿಳಿದ ತಪ್ಪು. ಅಂದಿನಿಂದ ಎಲ್ಲವನ್ನೂ ಹೊಸದಾಗಿ ಬರೆದಿದ್ದಾರೆ. ಈಗ ಒಂದೊಂದು ಬದಲಿಗೂ ತಗಲುವ ಹೆಜ್ಜೆಯನ್ನು ಲೆಕ್ಕಕ್ಕೆ ಹಿಡಿದು, ಪಕ್ಕಪಕ್ಕದಲ್ಲೇ ಮುಗಿಯುವ ಹಾದಿಯನ್ನು ಪ್ರೋಗ್ರಾಂ ಆರಿಸುತ್ತದೆ.

ಬಿಸಿಲು ಕಣಕ್ಕೆ ಇಳಿಯುವ ಹೊತ್ತಿಗೆ ಲ್ಯಾಪ್‌ಟಾಪ್ ಕೊನೆಯ ಹಾದಿಯನ್ನೂ ತೋರಿಸುತ್ತದೆ. ಸಾವಕಾಶವಾಗಿ ಓದಿ, ಇನ್ನೊಮ್ಮೆ ಓದಿ, ಕಳಿಸುತ್ತಾರೆ. ಆಮೇಲೆ ಪಾರ್ಚ್‌ಮೆಂಟನ್ನು ಸುಮ್ಮನೆ ಕೆದರುತ್ತಾ ಓಡಾಡುತ್ತಾರೆ. ಹನ್ನೊಂದು ದಾಟಿದ ಮೇಲೆ ಫೋನ್. ಪ್ರಯೋಗಾಲಯದ ವಂದನಾ.

"ಮೇಡಂ, ಎಲ್ಲಾ ತಾಳೆ ನೋಡಿದ್ವಿ, ಸರಿ ಇದೆ. ಹಳೇದರ ಅರ್ಧ ಹೆಜ್ಜೇನೂ ಇಲ್ಲ. ನಾಳೆ ನಿಮ್ಮದೇ ಹಾಕ್ತೀವಿ. ರಾತ್ರಿ ಬಸ್ಸಿಗೆ ಹೊರಟು ಬನ್ನಿ, ನೋಡೋರಂತೆ!"

ಕಾಶೀನಾಥರು ಬ್ಯಾಗು ಎಲ್ಲಿ ಎಂದು ಆಗಲೇ ಒಳಗೆ ಹೊರಟಿದ್ದಾರೆ. ತ್ರಿಪುರಸುಂದರಿಯವರ ಮುಖ ಅರಳಿದೆ, ದನಿ ಮಾತ್ರ ಎಂದಿನಂತೆಯೇ.

"ಅಯ್ಯೋ, ಅದು ಇಣುಕಿ ನೋಡಿದ್ರೇ ಕೆಡೋ ವಸ್ತು ವಂದನಾ. ಅಷ್ಟು ದೂರ ಬಂದು ನಾನೇನು ನೋಡ್ಲಿ? ಕೊನೇವರೆಗೂ ಕೆಡದೆ ಉಳೀತು ಅಂತ ಒಂದು ಫೋನ್ ಮಾಡಿ. ಕಣದಲ್ಲೇ ಇರ್ತೀನಿ."