ಸ್ಪೀಕರಿನಲ್ಲಿ ನನ್ನ ದನಿ

“ಮೇಡಂ, ಫೋನಿನ್ಯಾಗ ಮಾತಾಡಾಕಿ ನೀವ ಏನ್ರಿ?”

ಧಾರಾವಿಯ ಕ್ಲಿನಿಕ್ಕಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಹೀಗೆ ಕೇಳಿದಾಗ ನಾನು ಉಬ್ಬಿಹೋದೆ. ಸುಳ್ಳೇಕೆ ಹೇಳಲಿ? ಇಷ್ಟು ವರ್ಷ ಫೋಟೋ ಸಮೇತ ಅಂಕಣ ಬರೆದರೂ ಮುಂಬೈಯ ಲೋಕಲ್ ರೈಲಿನಲ್ಲಿ ಒಬ್ಬರೂ ನನ್ನ ಗುರುತು ಹಿಡಿದಿಲ್ಲ. ಇವಳು ಬರೀ ದನಿ ಕೇಳಿಯೇ ಹಿಡಿದುಬಿಟ್ಟಳು!

ಸಂಗತಿ ಇಷ್ಟು. ಆ ಕ್ಲಿನಿಕ್ಕಿನ ಡಾಕ್ಟರ್ ನನ್ನ ಗೆಳತಿ. ಸದ್ಯಕ್ಕೆ ಮಗು ಬೇಡ ಎನ್ನುವ ಹೆಂಗಸರಿಗೆ ಕಾಪರ್-ಟಿ ಬಗ್ಗೆ ತಿಳಿಸಿ ಹೇಳುತ್ತಾಳೆ. ಹಾಕಿಸಿಕೊಂಡವರು ಆಮೇಲೆ ಚೆಕಪ್‌ಗೆ ಮಾತ್ರ ಬರುವುದಿಲ್ಲ. “ನಮ್ಮ ಹಿಂದಿ ಮೆಸೇಜು ಕರ್ನಾಟಕದವರ ತಲೆಗೆ ಹೋಗುವುದಿಲ್ಲ ಮಾರಾಯ್ತಿ, ನೀನು ಕನ್ನಡದಲ್ಲಿ ರೆಕಾರ್ಡ್ ಮಾಡಿಕೊಡು” ಅಂದಳು. ಆ ದನಿ ಫೋನ್ ಕಾಲ್ ಆಗಿ ಅವರವರ ನಂಬರಿಗೆ ಹೋಗುತ್ತದೆ.

ಉಡುಪಿಯವಳಾದ ನಾನು ವಿಲೆ ಪಾರ್ಲೆಯ ಮನೆಯಲ್ಲಿ ಫ್ಯಾನ್ ಆಫ್ ಮಾಡಿ ಕೂತು, ಬೆವರು ಸುರಿಸುತ್ತಾ ಉತ್ತರ ಕರ್ನಾಟಕದ ಮಾತು ಪ್ರಾಕ್ಟೀಸ್ ಮಾಡಿದೆ. “ಅಕ್ಕಾ, ಕಾಪರ್-ಟಿ ಹಾಕಿಸ್ಕೊಂಡೀರಲ್ಲಾ, ಆರಾಮ್ ಅದೀರೇನು? ಅಂಜಬ್ಯಾಡ್ರಿ. ಒಮ್ಮೆ ಬಂದು ತೋರಿಸ್ಕೊಂಡು ಹೋಗ್ರಿ.” ರೇಡಿಯೋದಲ್ಲಿ ಕೆಲಸ ಗ್ಯಾರಂಟಿ ಎಂದು ಗಂಡ ಛೇಡಿಸಿದ. ನಾನು ಅದನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದೆ. ಮೊನ್ನೆ ಕ್ಲಿನಿಕ್ಕಿಗೆ ಹೋದದ್ದೂ ಎರಡನೇ ಮೆಸೇಜು ರೆಕಾರ್ಡ್ ಮಾಡಿಕೊಡುವ ಹುಮ್ಮಸ್ಸಿನಲ್ಲೇ.

“ಹೌದು, ನಾನೇ! ಹೇಗಿತ್ತು? ಎಲ್ಲ ತಿಳಿಯಿತಾ?” ಎಂದೆ.

“ಛಲೋ ಹೇಳೀರಿ ಮೇಡಂ. ಎಲ್ಲಾ ತಿಳೀತು.” ಸೆರಗು ಸರಿಮಾಡಿಕೊಂಡಳು. “ನಮ್ಮ ಅತ್ತೀಗೂ ತಿಳೀತು.”

ಅವಳ ಹೆಸರು ರೇಣುಕಾ ಎಂದಿಟ್ಟುಕೊಳ್ಳಿ. ಯಾದಗಿರಿ ಕಡೆಯವಳು, ಹಳೇ ಪ್ಲಾಸ್ಟಿಕ್ ಬೇರ್ಪಡಿಸುವ ಕೆಲಸ. ಇಬ್ಬರು ಹೆಣ್ಣುಮಕ್ಕಳು. ಗಂಡು ಬೇಕೆಂದು ಮನೆಯಲ್ಲಿ ಒಂದೇ ಒತ್ತಾಯ. ಎರಡನೇ ಹೆರಿಗೆಯ ನಿತ್ರಾಣವೇ ಇಳಿದಿರಲಿಲ್ಲ. ಯಾರಿಗೂ ಹೇಳದೆ ಬಂದು ಕಾಪರ್-ಟಿ ಹಾಕಿಸಿಕೊಂಡಿದ್ದಳು. ಕ್ಲಿನಿಕ್ಕಿನವರು ನಂಬರ್ ಕೇಳಿದರು. ಮನೆಗೆಲ್ಲ ಇದ್ದದ್ದು ಗಂಡನ ಫೋನ್ ಒಂದೇ. ಅದನ್ನೇ ಕೊಟ್ಟಿದ್ದಳು.

ಎಲ್ಲರೂ ಊಟಕ್ಕೆ ಕೂತಾಗ ಕಾಲ್ ಬಂತು. ಗಂಡನ ಕೈ ಎಂಜಲು, ಸ್ಪೀಕರಿಗೆ ಹಾಕಿದ. ಒಂದೇ ಖೋಲಿಯ ಆ ಮನೆಯಲ್ಲಿ ನಾನು ಸ್ಪಷ್ಟವಾಗಿ, ನಗುನಗುತ್ತಾ ಮಾತಾಡಿದೆ.

“ಹೊಡೆದರಾ?” ಎಂದು ಕೇಳಿದೆ. ನನ್ನ ದನಿ ನನಗೇ ಬೇಡವಾಗಿತ್ತು.

“ಇಲ್ರಿ. ಅವತ್ತಿಂದ ಯಾರೂ ನನ್ನ ಕೂಡ ಮಾತಾಡವಲ್ರು. ತೆಗೆಸ್ಕೊಂಡು ಬರೂಣು ನಡಿ ಅಂತ ಅತ್ತಿ ಕರ್ಕೊಂಡು ಬಂದಾಳ. ಹೊರಗ ಕುಂತಾಳ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನನ್ನ ಫೋನಿಗೆ ಬೆರಳಚ್ಚಿನ ಲಾಕ್ ಇದೆ, ಗಂಡ ಮುಟ್ಟುವುದಿಲ್ಲ. ನಾನೂ ಒಂದು ಕಾಲಕ್ಕೆ ಕಾಪರ್-ಟಿ ಹಾಕಿಸಿಕೊಂಡವಳೇ. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. (ಅವರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ನನ್ನ ಗುಟ್ಟನ್ನು ಅಷ್ಟು ಜೋಪಾನ ಮಾಡಿಕೊಂಡ ನನಗೆ, ಈ ಹೆಂಗಸರ ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ ಎಂದು ಕೇಳಬೇಕೆಂದು ಹೊಳೆಯಲಿಲ್ಲವೇ? ‘ಅಂಜಬ್ಯಾಡ್ರಿ’ ಸರಿಯಾಗಿ ಬಂತೇ ಎಂದು ಮಾತ್ರ ಹತ್ತು ಸಲ ಕೇಳಿಸಿಕೊಂಡೆ.

ಕಾಪರ್-ಟಿ ಒಳ್ಳೆಯದು, ಹೆಂಗಸರಿಗೆ ತಿಳಿಸಲೇಬೇಕು. ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಹೆಂಗಸಿಗೆ ಹೇಳುವುದೂ ಅವಳ ಮನೆಗೆಲ್ಲ ಹೇಳುವುದೂ ಒಂದೇ ಅಲ್ಲ ಎಂದು ನನಗೆ ಯಾರಾದರೂ ಹೇಳಿಕೊಡಬೇಕಿತ್ತೇ?

ಗೆಳತಿ ಪರದೆ ಎಳೆದು ದನಿ ತಗ್ಗಿಸಿದಳು. “ನೀನು ಹೇಳಿದರೆ ತೆಗೆಯುತ್ತೇನೆ ರೇಣುಕಾ. ಆದರೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಇದೆ. ಯಾರಿಗೂ ಗೊತ್ತಾಗುವುದಿಲ್ಲ. ಬೇಕಾ?”

ರೇಣುಕಾ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

“ಅದಕ್ಕೂ ಈ ಮೇಡಂ ಫೋನ್ ಮಾಡ್ತಾರೇನ್ರಿ?”