ಸದ್ದು ಕೇಳಿ ಕೊಂಡ ಕ್ಯಾಮೆರಾ

ಚನ್ನಪಟ್ಟಣದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಯಜಮಾನರೊಬ್ಬರು ಹೊಂಗನೂರು ಕಡೆಯವರು, ರೇಷ್ಮೆ ಸಾಕುವ ಮನೆಯವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಮಾಡುವ ಸದ್ದಿನಿಂದಲೇ ಒಳ್ಳೆಯದೋ ಕೆಟ್ಟದ್ದೋ ಹೇಳುವ ಜನ. ಕಸುಬು ಬದಲಾದರೂ ಆ ಚಾಳಿ ಹೋಗಲಿಲ್ಲ.

ಕಡಿಮೆ ಬೆಲೆಗೆ ಒಂದು ಹಳೇ ರೀಲು ಕ್ಯಾಮೆರಾ ಬೇಕೆಂದು ನಾನು ಹೋದಾಗ, ಬೀರುವಿನಿಂದ ಒಂದೊಂದನ್ನೇ ತೆಗೆದು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಶಟರ್ ಒತ್ತುತ್ತಿದ್ದರು. ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇನೋ ಎಂದು ನಾನು ಬೆಳಕಿಗೆ ಹಿಡಿದರೆ ಕಸಿದುಕೊಂಡರು.

"ಕಣ್ಣು ಮೋಸ ಮಾಡ್ತದೆ ಕಣಪ್ಪ, ಕಿವಿ ಮಾಡಕಿಲ್ಲ."

ಫೋಟೊ ತೆಗೆದು ಬದುಕುವವರ ಬಾಯಲ್ಲಿ ಇಂಥ ಮಾತು!

ಕೊನೆಗೆ ಒಂದರ ಸದ್ದಿಗೆ ಅವರ ಮುಖ ಅರಳಿತು. "ಇದೇ ನಿಂಗೆ. ರೀಲು ನಾನೇ ಹಾಕ್ಕೊಡ್ತೀನಿ. ಮೊದ್ಲು ನಂದು ಒಸಿ ತೆಗಿ. ಊರೋರ ಮದ್ವೆಯೆಲ್ಲಾ ತೆಗ್ದಿವ್ನಿ, ನಂದೇ ಒಂದು ನೆಟ್ಟಗಿರೋ ಫೋಟೊ ಇಲ್ಲ."

ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಗತ್ತಿನಿಂದ ಕುರ್ಚಿಯಲ್ಲಿ ಕೂತರು. ಇಡೀ ರೀಲು ಅವರಿಗೇ ಖರ್ಚಾಯಿತು.

ರೀಲು ತೊಳೆಸಿದರೆ ಒಂದು ಫೋಟೊವೂ ಬಂದಿರಲಿಲ್ಲ. ಅವರು ಹಾಕಿಕೊಟ್ಟ ರೀಲು ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಳ್ಳದೆ, ಸುತ್ತದೆ ಇದ್ದಲ್ಲೇ ಇತ್ತು. ಹೋಗಿ ಹೇಳಿದೆ.

"ಸದ್ದು ಹೆಂಗಿತ್ತು?"

"ಸದ್ದು ಚೆನ್ನಾಗೇ ಇತ್ತು."

"ಮತ್ತೆ? ಕ್ಯಾಮೆರಾದಾಗೆ ಏನೂ ತೊಂದ್ರೆ ಇಲ್ಲ ಬುಡು."

ಮುಂದೆ ಅವರು ತೀರಿಕೊಂಡಾಗ, ತಿಥಿಯ ದಿನ ಮನೆಯವರು ಹಾರ ಹಾಕಿದ್ದು ಆಧಾರ್ ಕಾರ್ಡಿನ ಫೋಟೊಗೆ, ದೊಡ್ಡದು ಮಾಡಿಸಿ. ಅದರಲ್ಲಿ ಕಣ್ಣು ಅರ್ಧ ಮುಚ್ಚಿಹೋಗಿವೆ. ಕಿವಿ ಮಾತ್ರ ಎರಡೂ ಚೆನ್ನಾಗಿ ಬಂದಿವೆ.